ಆ್ಯಪ್‌ನಲ್ಲಿ ಹಸಿರು, ಮೈಯಲ್ಲಿ ಜ್ವರ: ಕೆ.ಆರ್. ಪೇಟೆ ಕಡೆಯ ಒಂದು ಪ್ರಕರಣ

ನಾನು ಮೈಸೂರಿನ ಒಂದು ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ನರ್ಸ್. ಕೀಮೋ ಕೊಡುವ ಡೇ ಕೇರ್‌ನಲ್ಲಿ ಕೆಲಸ. ಕೀಮೋ ಮುಗಿಸಿ ಊರಿಗೆ ಹೋದವರನ್ನು ಫೋನಿನಲ್ಲಿ ವಿಚಾರಿಸಿಕೊಳ್ಳುವ ಜವಾಬ್ದಾರಿಯೂ ನನ್ನದೇ. ಇಲ್ಲಿ ಬರೆಯುತ್ತಿರುವುದು ಅಂಥ ಒಬ್ಬರ ಪ್ರಕರಣ. ಅವರನ್ನು ಕೇಳಿ, ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಹಾಕುವುದಿಲ್ಲ. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತೇನೆ, ಇಲ್ಲೂ ಹಾಗೇ ಇರಲಿ.

ಅಕ್ಕನಿಗೆ 54 ವರ್ಷ. ಕೆ.ಆರ್. ಪೇಟೆ ತಾಲೂಕಿನ ಒಂದು ಹಳ್ಳಿ. ಎರಡು ಹಸು, ಸ್ವಲ್ಪ ಕಬ್ಬಿನ ಗದ್ದೆ. ಗಂಡನಿಗೆ ಮಂಡಿ ನೋವು, ಜಾಸ್ತಿ ಓಡಾಡುವುದಿಲ್ಲ. ದೊಡ್ಡ ಮಗ ಬೆಂಗಳೂರಿನಲ್ಲಿ ಕಾರ್ಖಾನೆ ಕೆಲಸದಲ್ಲಿದ್ದಾನೆ. ಚಿಕ್ಕ ಮಗ ಊರಲ್ಲೇ ಗೂಡ್ಸ್ ಆಟೋ ಓಡಿಸುತ್ತಾನೆ, ಅವನ ಹೆಂಡತಿಯೂ ಮನೆಯಲ್ಲೇ ಇರುತ್ತಾಳೆ. ಮಗಳಿಗೆ ಗಂಡು ನೋಡುತ್ತಿದ್ದರು. ಅಕ್ಕನಿಗೆ ಮೊದಲಿಂದ ಸಕ್ಕರೆ ಕಾಯಿಲೆ ಇತ್ತು. ಎಡ ಎದೆಯಲ್ಲಿ ಗಂಟು ಕೈಗೆ ಸಿಕ್ಕಾಗ, ನೋವಿಲ್ಲವಲ್ಲ ಎಂದು ಏಳು ತಿಂಗಳು ಸುಮ್ನೆ ಇದ್ದರು. ಈ ಮಾತನ್ನು ಓದುವವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ಎದೆಯ ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ.

ಆಪರೇಷನ್ ಆಯಿತು. ಆಮೇಲೆ 21 ದಿನಕ್ಕೊಂದರಂತೆ ನಾಲ್ಕು ಕೀಮೋ, ಅದು ಮುಗಿದ ಮೇಲೆ ವಾರಕ್ಕೊಂದರಂತೆ ಹನ್ನೆರಡು, ನಂತರ ಕರೆಂಟ್ ಕೊಡುವುದು, ಅಂದರೆ ರೇಡಿಯೇಷನ್. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಚಿಕಿತ್ಸೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಡೆಯಿತು. ಇದು 2024ರ ಮಾತು.

ಖರ್ಚಿನ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ, ಅಲ್ವಾ? ಅವರ ಊರಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಎರಡು ಬಸ್ಸು, ಆಮೇಲೆ ಆಟೋ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಕ್ಕನಿಗೆ ಬಸ್ ಟಿಕೆಟ್ ಇಲ್ಲ. ಆದರೆ ಜೊತೆಗೆ ಬರುವ ಮಗನಿಗೆ ಇದೆ, ಅವನ ಒಂದು ದಿನದ ಬಾಡಿಗೆಯೂ ಹೋಗುತ್ತದೆ. ಬೆಳಗಿನ ಜಾವ ಹೊರಟರೆ ಹಸು ಕರೆಯುವವರು ಯಾರು? ಕೀಮೋ ಆದ ಮೈ ಬಸ್ಸಿನ ಕುಲುಕಾಟಕ್ಕೆ ವಾಂತಿ ಮಾಡಿಕೊಳ್ಳುತ್ತದೆ. ರಕ್ತ ಪರೀಕ್ಷೆಗೆ ಒಮ್ಮೆ, ಕೀಮೋಗೆ ಒಮ್ಮೆ, ನಡುವೆ ಏನಾದರೂ ಆದರೆ ಮತ್ತೊಮ್ಮೆ ಬರಬೇಕು. ಕಡಿಮೆ ಮಾಡಬೇಕಾದದ್ದು ಈ ಓಡಾಟವನ್ನು. ದೂರದಿಂದಲೇ ನೋಡಿಕೊಳ್ಳುವ ವ್ಯವಸ್ಥೆ ಬೇಕು ಅನ್ನಿಸಿದ್ದು ಇದಕ್ಕೇ.

ನಮ್ಮ ಸೀಮೆಗೆ ಟೆಲಿಮೆಡಿಸಿನ್ ಹೊಸದೇನಲ್ಲ. 2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಆಗ ಅದಕ್ಕೆ ದೊಡ್ಡ ಸಲಕರಣೆ ಬೇಕಿತ್ತು. ಈಗ ಜೇಬಿನಲ್ಲಿರುವ ಫೋನು ಸಾಕು. ಹಾಗಾದರೆ ಆ ಫೋನು ಯಾರ ಜೇಬಿನಲ್ಲಿದೆ? ಈ ಪ್ರಕರಣ ನಮಗೆ ಕಲಿಸಿದ್ದು ಆ ಪ್ರಶ್ನೆಯನ್ನು ಕೇಳುವುದನ್ನು.

ಮೊದಲ ಕೀಮೋ, ಒಂಬತ್ತನೇ ದಿನ

ನಮ್ಮ ವಿಭಾಗದಲ್ಲಿ ಒಂದು ಆ್ಯಪ್ ಇತ್ತು. ಕೀಮೋ ಆದವರಿಗೆ ದಿನಕ್ಕೊಮ್ಮೆ ಹನ್ನೆರಡು ಪ್ರಶ್ನೆ ಕಳಿಸುತ್ತದೆ. ಜ್ವರ ಇದೆಯೇ, ವಾಂತಿ ಇದೆಯೇ, ಬಾಯಿ ಹುಣ್ಣು ಇದೆಯೇ, ಹೀಗೆ. ಉತ್ತರ ನೋಡಿ ನಮ್ಮ ಕಂಪ್ಯೂಟರಿನಲ್ಲಿ ಹಸಿರು, ಹಳದಿ, ಕೆಂಪು ಬಣ್ಣ ಬರುತ್ತದೆ. ಕೆಂಪು ಬಂದರೆ ನಾನು ಫೋನ್ ಮಾಡಬೇಕು.

ಅಕ್ಕನ ಹತ್ತಿರ ಇದ್ದದ್ದು ಕೀಪ್ಯಾಡ್ ಫೋನು. ಹಾಗಾಗಿ ಮೊದಲ ಕೀಮೋ ದಿನ ಜೊತೆಗೆ ಬಂದಿದ್ದ ದೊಡ್ಡ ಮಗನ ಫೋನಿಗೆ ಆ್ಯಪ್ ಹಾಕಿಕೊಟ್ಟೆವು. ಓದಿದವನು, ಚುರುಕಾಗಿದ್ದ, ಐದು ನಿಮಿಷದಲ್ಲಿ ಎಲ್ಲ ಕಲಿತ. ನನಗೂ ಸಮಾಧಾನವಾಯಿತು. ಮಾರನೇ ದಿನ ಅವನು ಡ್ಯೂಟಿಗೆ ಬೆಂಗಳೂರಿಗೆ ಹೋದ. ಆ್ಯಪ್ ಕೂಡ ಅವನ ಜೊತೆಗೇ ಹೋಯಿತು.

ಅವನು ಒಳ್ಳೆಯ ಮಗ. ಒಂದು ದಿನವೂ ತಪ್ಪಿಸಲಿಲ್ಲ. ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಗಿದ್ದೀಯ ಎಂದು ಕೇಳುತ್ತಿದ್ದ. ಅಕ್ಕ ಹೇಳುತ್ತಿದ್ದದ್ದು ಒಂದೇ ಮಾತು: "ಏನಿಲ್ಲ ಕಣಪ್ಪ, ಚೆನ್ನಾಗಿವ್ನಿ. ನೀನು ಉಂಡ್ಯಾ?" ಅವನು ಹನ್ನೆರಡು ಪ್ರಶ್ನೆಗೂ 'ಇಲ್ಲ' ಎಂದು ಒತ್ತುತ್ತಿದ್ದ. ನಮ್ಮ ಕಂಪ್ಯೂಟರಿನಲ್ಲಿ ಒಂಬತ್ತು ದಿನವೂ ಹಸಿರು.

ಏಳನೇ ದಿನ ರಾತ್ರಿಯೇ ಅಕ್ಕನಿಗೆ ಜ್ವರ ಬಂದಿತ್ತು. ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ನುಂಗಿದರು. ಇಳಿಯಿತು. ಎಂಟನೇ ದಿನ ಮತ್ತೆ ಬಂತು, ಮತ್ತೆ ನುಂಗಿದರು. ಒಂಬತ್ತನೇ ದಿನ ಸಂಜೆ ಕೊಟ್ಟಿಗೆಯಲ್ಲಿ ತಲೆ ಸುತ್ತಿ ಕುಸಿದರು. ಚಿಕ್ಕ ಮಗ ಗೂಡ್ಸ್ ಆಟೋದಲ್ಲೇ ಪೇಟೆಗೆ ಕರೆದುಕೊಂಡು ಹೋಗಿ, ಅಲ್ಲಿಂದ ಕಾರು ಮಾಡಿಕೊಂಡು ರಾತ್ರಿ ಹನ್ನೊಂದಕ್ಕೆ ನಮ್ಮಲ್ಲಿಗೆ ತಲುಪಿದ. ಬಿಪಿ ಬಿದ್ದುಹೋಗಿತ್ತು. ಜ್ವರ 102. ಒಟ್ಟು ಬಿಳಿ ರಕ್ತಕಣ 900, ಅದರಲ್ಲಿ ನ್ಯೂಟ್ರೋಫಿಲ್ ನೂರಕ್ಕೆ 20. ಅಂದರೆ 180.

180 ಅಂದರೆ ಏನು ಎಂದು ಹೇಳಿಬಿಡುತ್ತೇನೆ. ಕೀಮೋ ಔಷಧಿ ಬೇಗ ಬೇಗ ಬೆಳೆಯುವ ಕೋಶಗಳ ಮೇಲೆ ಬೀಳುತ್ತದೆ. ಕ್ಯಾನ್ಸರ್ ಕೋಶದ ಜೊತೆ ಕೂದಲ ಬುಡ, ಬಾಯಿಯ ಒಳಪದರ, ಮೂಳೆಯೊಳಗಿನ ಮಜ್ಜೆ ಎಲ್ಲವೂ ಪೆಟ್ಟು ತಿನ್ನುತ್ತವೆ. ರಕ್ತಕಣ ಹುಟ್ಟುವುದು ಆ ಮಜ್ಜೆಯಲ್ಲಿ. ಅಕ್ಕನಿಗೆ ಕೊಟ್ಟಂಥ ಕೀಮೋದಲ್ಲಿ ಸುಮಾರು ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ರಕ್ತಕಣ ತಳ ಮುಟ್ಟುತ್ತದೆ. ಸೋಂಕಿನ ವಿರುದ್ಧ ಮೊದಲು ನಿಲ್ಲುವ ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿಳಿದಾಗ ಜ್ವರ ಬಂದರೆ ಅದು ತುರ್ತು. ಗಂಟೆಗಳ ಲೆಕ್ಕದಲ್ಲಿ ಜೀವಕ್ಕೆ ಬರಬಹುದು. ಕೀವು ಆಗುವುದಕ್ಕೂ ಬಿಳಿ ಕಣ ಬೇಕು. ಅದೇ ಇಲ್ಲದಾಗ ಊತ, ಕೆಂಪು, ಕಫ ಯಾವುದೂ ಕಾಣದಿರಬಹುದು. ಜ್ವರ ಒಂದೇ ಗುರುತು. ಪ್ಯಾರಾಸಿಟಮಾಲ್ ಆ ಒಂದು ಗುರುತನ್ನೂ ಮುಚ್ಚಿಬಿಡುತ್ತದೆ.

ಅಕ್ಕ ಎಂಟು ದಿನ ವಾರ್ಡಿನಲ್ಲಿದ್ದರು. ಮೊದಲ ಎರಡು ದಿನ ನಮಗೆಲ್ಲ ಭಯವೇ ಇತ್ತು. ಮೂರನೇ ದಿನ ಕಣ್ಣು ಬಿಟ್ಟು ಮಾತಾಡಿದಾಗ ಕೇಳಿದೆ, ಅಕ್ಕ, ಜ್ವರ ಬಂದದ್ದನ್ನು ಮಗನಿಗೆ ಯಾಕೆ ಹೇಳಲಿಲ್ಲ? "ಅಷ್ಟು ದೂರದಲ್ಲಿ ಡೂಟಿ ಮಾಡೋ ಮಗೀಗೆ ಅದನ್ನೇನ್ ಹೇಳಾದು? ರಾತ್ರಿ ಮೈ ಕಾಯ್ತದೆ, ಮಾತ್ರೆ ನುಂಗಿದ್ರೆ ಇಳೀತದೆ. ಸುಮ್ನೆ ಅವನ್ ನಿದ್ದೆ ಕೆಡ್ತದೆ."

ಮಗ ವಾರ್ಡಿನ ಹೊರಗೆ ಗೋಡೆಗೆ ಒರಗಿ ಅಳುತ್ತಿದ್ದ. ನಾನು ದಿನಾ ಒತ್ತಿದೆನಲ್ಲ ಸಿಸ್ಟರ್, ದಿನಾ ಒತ್ತಿದೆನಲ್ಲ ಎನ್ನುತ್ತಿದ್ದ. ಅವನ ತಪ್ಪೇನೂ ಇರಲಿಲ್ಲ. ತಪ್ಪು ನಮ್ಮದು. ಮನೆಯಲ್ಲಿ ಯಾರು ಜಾಸ್ತಿ ಓದಿದ್ದಾರೋ ಅವರ ಕೈಗೆ ಸಲಕರಣೆ ಕೊಟ್ಟೆವು. ಕಾಯಿಲೆ ಯಾರ ಮೈಯಲ್ಲಿದೆಯೋ ಅವರನ್ನು ಕೇಳಲೇ ಇಲ್ಲ.

ಡೈರಿ ಚೀಟಿ

ವಾರ್ಡಿಗೆ ಸೇರಿದ ನಾಲ್ಕನೇ ದಿನ ಬೆಳಿಗ್ಗೆ ಥರ್ಮಾಮೀಟರ್ ತೆಗೆದು ಚಾರ್ಟಿನಲ್ಲಿ ಬರೆಯುತ್ತಿದ್ದೆ. ಅಕ್ಕ ಕತ್ತು ಎತ್ತಿ ನೋಡಿ, "ತೊಂಬತ್ತೊಂಬತ್ತು ಪಾಯಿಂಟ್ ಎರಡಾ?" ಅಂದರು. ನಾನು ತಿರುಗಿ ನೋಡಿದೆ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರು ಇವರು. ಓದು ಬರುತ್ತಾ ಅಕ್ಕ ಎಂದು ಕೇಳಿದೆ. "ಅಕ್ಷರ ಬರಕಿಲ್ಲ. ಅಂಕಿ ಬತ್ತದೆ. ಡೈರಿ ಚೀಟಿ ದಿನಾ ನೋಡಲ್ವಾ ಸಿಸ್ಟ್ರೇ? ಫ್ಯಾಟು ಮೂರು ಪಾಯಿಂಟ್ ಎಂಟಾ, ನಾಕು ಪಾಯಿಂಟ್ ಒಂದಾ ಅನ್ನಾದ್ರಲ್ಲೇ ಅಲ್ವಾ ದುಡ್ಡು ಇರಾದು?"

ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ ಹಾಲಿನ ಡೈರಿ ಗೊತ್ತಿಲ್ಲದ ಮನೆ ಕಡಿಮೆ. ಬೆಳಿಗ್ಗೆ ಸಂಜೆ ಹಾಲು ಹಾಕಿದರೆ ಮೆಷಿನ್ ಕೊಬ್ಬಿನ ಅಂಶ ಅಳೆದು ತೋರಿಸುತ್ತದೆ. ದರ ಆ ಅಂಕಿಯ ಮೇಲೆ ನಿಂತಿದೆ. ಪಾಯಿಂಟ್ ಆದ ಮೇಲಿನ ಅಂಕಿ ಏನು ಹೇಳುತ್ತದೆ ಎನ್ನುವುದು ಅಕ್ಕನಿಗೆ ನಮ್ಮ ಹಲವು ಪದವೀಧರ ರೋಗಿಗಳಿಗಿಂತ ಚೆನ್ನಾಗಿ ಗೊತ್ತು. ಇಂಥವರನ್ನು ನಾವು "ಓದು ಬರದವರು, ಫೋನ್ ಬಳಸಲಾಗದವರು" ಎಂದು ಫಾರಂನಲ್ಲಿ ಬರೆದು ಮಗನ ನಂಬರ್ ತೆಗೆದುಕೊಂಡಿದ್ದೆವು.

ಅವತ್ತೇ ವೈದ್ಯರ ಜೊತೆ ಕೂತು ಅಕ್ಕನಿಗಾಗಿ ಬೇರೆ ವ್ಯವಸ್ಥೆ ಮಾಡಿದೆವು. ಆ್ಯಪ್ ಬಿಟ್ಟೆವು. ಡಿಜಿಟಲ್ ಥರ್ಮಾಮೀಟರ್ ಕೊಟ್ಟೆವು, ಫ್ಯಾರನ್‌ಹೀಟ್‌ನಲ್ಲಿ ತೋರಿಸುವಂಥದ್ದು. ಇದು ಸಣ್ಣ ವಿಷಯವಲ್ಲ. 38.5 ಎಂದು ಸೆಲ್ಸಿಯಸ್‌ನಲ್ಲಿ ತೋರಿಸಿದರೆ ನಮ್ಮ ಜನಕ್ಕೆ ಅದು ಜ್ವರ ಅನ್ನಿಸುವುದೇ ಇಲ್ಲ, ನೂರು ದಾಟಿದರೆ ಮಾತ್ರ ಜ್ವರ. ನಮ್ಮ ನಿಯಮವನ್ನೂ ಅವರ ಲೆಕ್ಕದಲ್ಲೇ ಹೇಳಿದೆವು: ನೂರು ಪಾಯಿಂಟ್ ನಾಲ್ಕು ಬಂದರೆ ಮಾತ್ರೆ ನುಂಗುವ ಮೊದಲು ಫೋನ್. ಹಗಲಾಗಲಿ, ನಡುರಾತ್ರಿಯಾಗಲಿ. ಹೆಸರು ಓದಲು ಬರದ ಕಾರಣ ಅಕ್ಕನ ಫೋನಿನಲ್ಲಿ 2 ಎನ್ನುವ ಅಂಕಿಯನ್ನು ಒತ್ತಿ ಹಿಡಿದರೆ ನಮಗೆ ಕರೆ ಬರುವಂತೆ ಮಾಡಿದೆವು. ಹಗಲು ನನಗೆ, ರಾತ್ರಿ ವಾರ್ಡಿನ ಮೇಜಿಗೆ.

ನಾನು ಫೋನ್ ಮಾಡುವ ಸಮಯವನ್ನೂ ಅವರೇ ಹೇಳಿದರು. ಬೆಳಿಗ್ಗೆ ಎಂಟು ಕಾಲು, ಡೈರಿಯಿಂದ ಬಂದ ಮೇಲೆ. ಅದಕ್ಕಿಂತ ಮುಂಚೆ ಮನೆಯೊಳಗೆ ಇರುವುದಿಲ್ಲ, ಆಮೇಲೆ ಅಡುಗೆ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಜಗಲಿಯ ಮೇಲೆ ಕೂತರೆ ಸಿಗುತ್ತದೆ.

ನಾನು ಕೇಳುವ ರೀತಿ ಬದಲಾಯಿತು. ಚೆನ್ನಾಗಿದ್ದೀರಾ ಎಂದು ಕೇಳುವುದನ್ನು ಬಿಟ್ಟೆ. ಚೆನ್ನಾಗಿದ್ದೀರಾ ಎಂದರೆ ಚೆನ್ನಾಗಿದ್ದೀನಿ ಅನ್ನುವುದು ನಮ್ಮ ಕಡೆ ಮರ್ಯಾದೆ. ಅದು ಉತ್ತರವಲ್ಲ. "ಇವತ್ತು ಎಷ್ಟು ತೋರಿಸ್ತು?" ಎಂದು ಕೇಳುತ್ತಿದ್ದೆ. "ತೊಂಬತ್ತೆಂಟು ಪಾಯಿಂಟ್ ನಾಕು." "ಎಷ್ಟು ಮುದ್ದೆ ಉಂಡ್ರಿ?" "ಅರ್ಧ." ಮಾಮೂಲಿಯಾಗಿ ಒಂದೂವರೆ ಉಣ್ಣುವವರು ಅರ್ಧ ಮುದ್ದೆ ಅಂದರೆ ನನಗೆ ಗೊತ್ತಾಗುತ್ತಿತ್ತು. ಆ್ಯಪ್‌ನ ಪ್ರಶ್ನೆಗಳಲ್ಲಿ ವಾಕರಿಕೆ, ಅತಿಸಾರ, ನಿಶ್ಶಕ್ತಿ ಎಂದೆಲ್ಲ ಇತ್ತು. ಅಕ್ಕ ಹೇಳುವುದು ಹೊಟ್ಟೆ ತೊಳಸ್ತದೆ, ಭೇದಿ, ಸುಸ್ತು. ಕನ್ನಡದಲ್ಲೇ ಇದ್ದರೂ ಅದು ಅವರ ಕನ್ನಡವಾಗಿರಲಿಲ್ಲ.

ಇಲ್ಲಿ ಒಂದು ಅಧ್ಯಯನದ ಮಾತು ಹೇಳಲೇಬೇಕು. ನಮ್ಮ ಆ್ಯಪ್ ಹುಟ್ಟಿದ್ದೇ ಅದರ ಪ್ರೇರಣೆಯಿಂದ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ ಡಾ. ಈಥನ್ ಬಾಷ್ ಮತ್ತು ಅವರ ತಂಡ 766 ರೋಗಿಗಳ ಮೇಲೆ ನಡೆಸಿದ್ದು. ಕ್ಯಾನ್ಸರ್ ಹರಡಿ ಕೀಮೋ ತೆಗೆದುಕೊಳ್ಳುತ್ತಿದ್ದವರಲ್ಲಿ ಒಂದು ಗುಂಪು ತಮ್ಮ ತೊಂದರೆಗಳನ್ನು ಕಂಪ್ಯೂಟರಿನಲ್ಲಿ ತಾವೇ ದಾಖಲಿಸುತ್ತಿತ್ತು, ತೊಂದರೆ ಜಾಸ್ತಿಯಾದರೆ ನರ್ಸ್‌ಗೆ ಸಂದೇಶ ಹೋಗುತ್ತಿತ್ತು. 2017ರಲ್ಲಿ ಫಲಿತಾಂಶ ಬಂತು. ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಬದುಕಿನ ಮಧ್ಯಮ ಅವಧಿ, ಅಂದರೆ ಅರ್ಧದಷ್ಟು ಜನ ದಾಟಿ ಬದುಕಿದ ಅವಧಿ, 26 ತಿಂಗಳು, ದಾಖಲಿಸಿದ ಗುಂಪಿನಲ್ಲಿ 31.2 ತಿಂಗಳು. ಹೊಸ ಔಷಧಿ ಯಾವುದೂ ಇಲ್ಲ. ಕೇಳಿದರು, ಕೇಳಿಸಿಕೊಂಡರು, ಬೇಗ ಕ್ರಮ ತೆಗೆದುಕೊಂಡರು ಅಷ್ಟೆ. ನಾವು ಅದರಿಂದ ಪ್ರಶ್ನೆಗಳನ್ನು ತಂದೆವು. ಉತ್ತರ ಕೊಟ್ಟವರು ರೋಗಿಗಳೇ ಎನ್ನುವುದನ್ನು ಅಲ್ಲೇ ಬಿಟ್ಟು ಬಂದಿದ್ದೆವು.

ಎರಡನೇ ಕೀಮೋ, ಮೂರನೇ ಕೀಮೋ

ಮೊದಲ ಸಲ ಅಷ್ಟು ಕೆಳಗೆ ಹೋದ ಕಾರಣ ಎರಡನೇ ಕೀಮೋದಿಂದ ಬಿಳಿ ಕಣ ಹೆಚ್ಚಿಸುವ ಇಂಜೆಕ್ಷನ್ ಶುರುವಾಯಿತು, ಪೆಗ್‌ಫಿಲ್‌ಗ್ರಾಸ್ಟಿಮ್. ಇದನ್ನು ಕೀಮೋ ದಿನವೇ ಕೊಡುವಂತಿಲ್ಲ, 24 ಗಂಟೆ ಕಳೆದಿರಬೇಕು. ಅಂದರೆ ಒಂದು ಇಂಜೆಕ್ಷನ್‌ಗೆ ಮತ್ತೊಂದು ದಿನ ಮೈಸೂರು. ಅದನ್ನು ತಪ್ಪಿಸಲು ಐಸ್ ಪ್ಯಾಕ್ ಇಟ್ಟ ಫ್ಲಾಸ್ಕಿನಲ್ಲಿ ಅವರ ಜೊತೆಗೇ ಕಳಿಸಿದೆವು. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು, ಹೆಪ್ಪುಗಟ್ಟಬಾರದು. ನೇರ ಅವರ ಊರಿನ ಆರೋಗ್ಯ ಕೇಂದ್ರದ ಫ್ರಿಜ್‌ಗೆ ಹೋಯಿತು. ಮಾರನೇ ದಿನ ಮಧ್ಯಾಹ್ನ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ನನಗೆ ವಿಡಿಯೋ ಕರೆ ಮಾಡಿ, ಸಿರಿಂಜ್ ತೋರಿಸಿ, ಡೋಸ್ ಖಚಿತ ಮಾಡಿಕೊಂಡು ಕೊಟ್ಟರು. ಮೂರು ನಿಮಿಷದ ಕರೆ. ಉಳಿದದ್ದು ಒಂದು ಇಡೀ ದಿನ.

ಆ ಹೆಣ್ಣುಮಗಳು ಈ ಪ್ರಕರಣದಲ್ಲಿ ಮಾಡಿದ ಕೆಲಸ ದೊಡ್ಡದು. ವಾಂತಿ ತಡೆಯಲು ಕೀಮೋ ಜೊತೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೊಡುತ್ತೇವೆ. ಅದು ಸಕ್ಕರೆ ಏರಿಸುತ್ತದೆ. ಎರಡನೇ ಕೀಮೋ ಆದ ಮೂರನೇ ದಿನ ಅಕ್ಕನ ಸಕ್ಕರೆ 290 ಇತ್ತು. ಆ ಆರೋಗ್ಯ ಅಧಿಕಾರಿ ಇ-ಸಂಜೀವಿನಿಯಲ್ಲಿ ವೈದ್ಯರನ್ನು ಸಂಪರ್ಕಿಸಿದರು. ಇದು ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಸೇವೆ, ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕೂತು ದೂರದ ವೈದ್ಯರ ಜೊತೆ ಮಾತಾಡಬಹುದು. ಆ ಕಡೆ ಇದ್ದ ವೈದ್ಯರಿಗೆ ಈ ರೋಗಿ ಕೀಮೋದಲ್ಲಿದ್ದಾರೆ ಎನ್ನುವುದು ಪರದೆಯಲ್ಲಿ ಕಾಣುವಂತಿರಲಿಲ್ಲ. ಅಕ್ಕನಿಗೆ ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಾದ 14 ಅಂಕಿಯ ಅಭಾ ಸಂಖ್ಯೆ ಇತ್ತು, ಆದರೆ ನಮ್ಮ ಆಸ್ಪತ್ರೆಯ ದಾಖಲೆ ಅದಕ್ಕೆ ಜೋಡಣೆಯಾಗಿರಲಿಲ್ಲ. ಕೆಲಸಕ್ಕೆ ಬಂದದ್ದು ಒಂದು ರಟ್ಟಿನ ಕಾರ್ಡ್. ಯಾವ ಕೀಮೋ, ಯಾವ ತಾರೀಖು, ಜೊತೆಗೆ ಯಾವ ಔಷಧಿ, ಏನಾದರೆ ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನು ಕೈಯಲ್ಲಿ ಬರೆದು ಪ್ಲಾಸ್ಟಿಕ್ ಹಾಕಿಸಿ ಅಕ್ಕನ ಚೀಲದಲ್ಲಿ ಇಟ್ಟಿದ್ದೆ. ಅದನ್ನು ಓದಿ ಹೇಳಿದ ಮೇಲೆ ವೈದ್ಯರು ಸ್ಟಿರಾಯ್ಡ್ ಇರುವಷ್ಟು ದಿನಕ್ಕೆ ಮಾತ್ರ ಸಕ್ಕರೆ ಮಾತ್ರೆ ಬದಲಿಸಿದರು. ದಾಖಲೆಗಳು ತಾವಾಗಿ ಒಂದಕ್ಕೊಂದು ಮಾತಾಡುವ ದಿನ ಬರಲಿ ಎನ್ನುವುದು ನನ್ನ ಆಸೆ. ಅಲ್ಲಿಯವರೆಗೆ ಆ ಕಾರ್ಡ್ ಬರೆಯುವುದನ್ನು ನಾನು ಬಿಡುವುದಿಲ್ಲ.

ಮೂರನೇ ಕೀಮೋ ಆದ ಹತ್ತನೇ ದಿನ, ರಾತ್ರಿ ಒಂಬತ್ತೂವರೆ. ಇಂಜೆಕ್ಷನ್ ಕೊಟ್ಟಿದ್ದರೂ ಜ್ವರ ಬರಬಹುದು, ಬಂತು. ವಾರ್ಡಿನ ಫೋನ್ ರಿಂಗಾಯಿತು. "ನೂರು ಪಾಯಿಂಟ್ ಆರು ಅದೆ. ಮಾತ್ರೆ ನುಂಗಿಲ್ಲ." ಅಷ್ಟೇ ಹೇಳಿದರು. ಎತ್ತಿಕೊಂಡ ನರ್ಸ್‌ಗೆ ಅಷ್ಟು ಸಾಕಾಗಿತ್ತು.

ರಾತ್ರಿ ಡ್ಯೂಟಿ ವೈದ್ಯರು ತಾಲೂಕು ಆಸ್ಪತ್ರೆಯ ಡ್ಯೂಟಿ ವೈದ್ಯರಿಗೆ ಫೋನ್ ಮಾಡಿದರು. ಚಿಕ್ಕ ಮಗ ಅರ್ಧ ಗಂಟೆಯಲ್ಲಿ ಅಕ್ಕನನ್ನು ಅಲ್ಲಿಗೆ ತಲುಪಿಸಿದ. ಆಮೇಲೆ ಇಬ್ಬರು ವೈದ್ಯರ ನಡುವೆ ವಿಡಿಯೋದಲ್ಲಿ ಮಾತು. ಬಿಪಿ ಸರಿ ಇದೆ, ಪ್ರಜ್ಞೆ ಸರಿ ಇದೆ. ಅಲ್ಲಿ ಯಾವ ಆಂಟಿಬಯಾಟಿಕ್ ಇದೆ ಎಂದು ಇವರು ಕೇಳಿದರು, ಇದ್ದದ್ದರಲ್ಲಿ ಯಾವುದು ಸರಿ ಎಂದು ಇಬ್ಬರೂ ಸೇರಿ ತೀರ್ಮಾನಿಸಿದರು. ರಕ್ತದ ಸ್ಯಾಂಪಲ್ ತೆಗೆದು, ಮೊದಲ ಡೋಸ್ ಅಲ್ಲೇ ಹಾಕಿ, 108 ಆಂಬ್ಯುಲೆನ್ಸ್‌ನಲ್ಲಿ ಮೈಸೂರಿಗೆ ಕಳಿಸಿದರು. ಫೋನ್ ಬಂದದ್ದಕ್ಕೂ ಔಷಧಿ ರಕ್ತಕ್ಕೆ ಇಳಿದದ್ದಕ್ಕೂ ನಡುವೆ ಒಂದು ಗಂಟೆ ಇಪ್ಪತ್ತು ನಿಮಿಷ. ಮೊದಲ ಸಲ ಎರಡು ದಿನ ಹಿಡಿದಿತ್ತು. ಈ ಸಲ ನ್ಯೂಟ್ರೋಫಿಲ್ 640 ಇತ್ತು, ಮೂರು ರಾತ್ರಿ ಇದ್ದು ಮನೆಗೆ ಹೋದರು.

ಇದರಲ್ಲಿ ದೊಡ್ಡ ತಂತ್ರಜ್ಞಾನ ಯಾವುದಿತ್ತು ಎಂದು ಒಬ್ಬರು ನನ್ನನ್ನು ಕೇಳಿದರು. ಥರ್ಮಾಮೀಟರ್, ಕೀಪ್ಯಾಡ್ ಫೋನು, ಇಬ್ಬರು ವೈದ್ಯರ ವಿಡಿಯೋ ಕರೆ. ಜೊತೆಗೆ ರಾತ್ರಿ ಒಂಬತ್ತೂವರೆಗೆ ಫೋನ್ ಎತ್ತಿಕೊಳ್ಳುವ ಒಬ್ಬ ಮನುಷ್ಯ. ಹೊಸ ಆ್ಯಪ್ ಮಾರಲು ಬಂದವರಿಗೆಲ್ಲ ನಾನು ಈಗ ಮೊದಲು ಕೇಳುವುದು ಇದೊಂದೇ: ಕೆಂಪು ಬಂದಾಗ ಆ ಕಡೆ ಯಾರಿರುತ್ತಾರೆ?

ಫೋನಿನಲ್ಲಿ ಆಗದ್ದು

ಒಂದು ನೋವಿನ ವಿಷಯ ಬರೆಯಲೇಬೇಕು. ಆಪರೇಷನ್ ಆದ ಹೊಸದರಲ್ಲಿ ಗಾಯದ ಜಾಗದಲ್ಲಿ ನೀರು ತುಂಬಿ ಊದಿಕೊಂಡಿತ್ತು. ಬರುವುದು ಬೇಡ, ಫೋಟೋ ಕಳಿಸಿ ಎಂದು ನಾನೇ ಹೇಳಿದ್ದೆ. ಸೊಸೆ ಗಂಡನ ಫೋನಿನಲ್ಲಿ ತೆಗೆದು ವಾಟ್ಸಾಪ್ ಮಾಡಿದಳು. ಆ ಫೋಟೋ ಅವನ ಫೋನಿನಲ್ಲೇ ಉಳಿಯಿತು. ಆಟೋ ಸ್ಟ್ಯಾಂಡಿನಲ್ಲಿ ಗೆಳೆಯರು ಎತ್ತಿಕೊಂಡು ನೋಡುವ ಫೋನು ಅದು. ಅಕ್ಕನಿಗೆ ಇದು ಗೊತ್ತಾಗಿ ಎರಡು ದಿನ ಊಟ ಮಾಡಲಿಲ್ಲವಂತೆ. ನನ್ನ ಹತ್ತಿರ ಹೇಳಿದ್ದು ತಿಂಗಳಾದ ಮೇಲೆ. ಕ್ಷಮೆ ಕೇಳಿದೆ. ಅವರು "ಬುಡವ್ವ" ಅಂದರು, ಆದರೆ ಮತ್ತೆಂದೂ ಕ್ಯಾಮೆರಾ ಮುಂದೆ ಬರಲಿಲ್ಲ. ವೈದ್ಯರ ಜೊತೆ ಮಾತಾಡುವಾಗಲೂ ಫೋನ್ ಕಿವಿಗೇ. ಅವರ ನಿರ್ಧಾರ ಸರಿ ಎಂದೇ ನನಗೆ ಅನ್ನಿಸುತ್ತದೆ. ಈಗ ಎದೆಯ ಗಾಯದ ಫೋಟೋ ನಾವು ಕೇಳುವುದಿಲ್ಲ. ಆಶಾ ಕಾರ್ಯಕರ್ತೆಯೋ ಆರೋಗ್ಯ ಕೇಂದ್ರದ ಹೆಣ್ಣುಮಗಳೋ ಕಣ್ಣಲ್ಲಿ ನೋಡಿ ಬಾಯಲ್ಲಿ ಹೇಳುತ್ತಾರೆ. ಅನುಮಾನ ಇದ್ದರೆ ಬರಬೇಕು.

ನಮ್ಮ ಆಸ್ಪತ್ರೆಯ ತಾನಾಗಿ ಹೋಗುವ ಧ್ವನಿ ಕರೆಗಳಲ್ಲಿ "ಕ್ಯಾನ್ಸರ್ ವಿಭಾಗದಿಂದ" ಎಂದು ಶುರುವಾಗುತ್ತಿತ್ತು. ಮಗಳ ಮದುವೆ ಮಾತು ನಡೆಯುತ್ತಿತ್ತು, ಅದಕ್ಕೇ ಊರಲ್ಲಿ ಕಾಯಿಲೆಯ ಹೆಸರು ಹೇಳಿರಲಿಲ್ಲ ಅಕ್ಕ. ಕೀಪ್ಯಾಡ್ ಫೋನಿನ ಸದ್ದು ಜಗಲಿ ದಾಟಿ ಬೀದಿಗೆ ಕೇಳಿಸುತ್ತದೆ. ಆ ಒಂದು ಪದವನ್ನು ತೆಗೆಸಲು ನನಗೆ ನಾಲ್ಕು ಮೀಟಿಂಗ್ ಬೇಕಾಯಿತು. ತೆಗೆಸಿದೆ.

ಕಾನೂನಿನ ಮಿತಿಯೂ ಇದೆ. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ರೋಗಿಯೂ ವೈದ್ಯರೂ ಯಾರೆಂದು ಪರಸ್ಪರ ಗೊತ್ತಿರಬೇಕು, ರೋಗಿಯ ಒಪ್ಪಿಗೆ ಇರಬೇಕು, ಚೀಟಿಯಲ್ಲಿ ವೈದ್ಯರ ನೋಂದಣಿ ಸಂಖ್ಯೆ ಇರಬೇಕು, ಖುದ್ದಾಗಿ ನೋಡಲೇಬೇಕು ಅನ್ನಿಸಿದರೆ ವೈದ್ಯರು ಹಾಗೆ ಹೇಳಬಹುದು. ಮಾರ್ಫಿನ್‌ನಂಥ ಮಾದಕ ಪಟ್ಟಿಯ ಔಷಧಿಗಳನ್ನು ಫೋನಿನಲ್ಲೋ ವಿಡಿಯೋದಲ್ಲೋ ನೋಡಿ ಬರೆದುಕೊಡುವಂತಿಲ್ಲ. ಅಕ್ಕನಿಗೆ ಅದರ ಅಗತ್ಯ ಬರಲಿಲ್ಲ. ಆದರೆ ಅವರ ಪಕ್ಕದ ಹಾಸಿಗೆಯಲ್ಲಿದ್ದ, ಕ್ಯಾನ್ಸರ್ ಮೂಳೆಗೆ ಹರಡಿದ್ದ ಒಬ್ಬ ಹಿರಿಯರಿಗೆ ಬೇಕಿತ್ತು. ನಿಯಮ ಯಾಕಿದೆ ಎಂದು ಅರ್ಥವಾಗುತ್ತದೆ. ಆದರೂ ನೋವಿನಿಂದ ಮಗ್ಗುಲು ಬದಲಿಸಲಾಗದವರೇ ಅತಿ ದೂರ ಬರಬೇಕಾದವರು ಎನ್ನುವುದನ್ನು ನೋಡಿದಾಗ ಸಂಕಟವಾಗುತ್ತದೆ. ತಾಲೂಕು ಮಟ್ಟದಲ್ಲಿ ಮಾರ್ಫಿನ್ ಇಡಲು ಮಾನ್ಯತೆ ಪಡೆದ ಆಸ್ಪತ್ರೆಗಳು ಜಾಸ್ತಿಯಾದರೆ ಈ ಕಷ್ಟ ಬಹಳಷ್ಟು ತಪ್ಪುತ್ತದೆ.

ಹನ್ನೆರಡು ವಾರ

ವಾರದ ಕೀಮೋ ಶುರುವಾದಾಗ ಓಡಾಟದ ಪ್ರಶ್ನೆ ಮತ್ತೆ ಎದ್ದಿತು. ಪ್ರತಿ ವಾರ ಬಂದು, ರಕ್ತ ಕೊಟ್ಟು, ಕೌಂಟ್ (ಬಿಳಿ ರಕ್ತಕಣದ ಲೆಕ್ಕ) ಕಡಿಮೆ ಎಂದು ಗೊತ್ತಾದರೆ ಸುಮ್ನೆ ವಾಪಸ್. ಅದಕ್ಕೆ ಹಿಂದಿನ ದಿನವೇ ಕೆ.ಆರ್. ಪೇಟೆಯ ಲ್ಯಾಬ್‌ನಲ್ಲಿ ರಕ್ತ ಕೊಟ್ಟು, ಸೊಸೆ ರಿಪೋರ್ಟಿನ ಫೋಟೋ ಕಳಿಸುವುದು ಎಂದಾಯಿತು. ಐದನೇ ವಾರ ಬಂದ ಫೋಟೋ ಮಸುಕಾಗಿತ್ತು. ಒಟ್ಟು ಕೌಂಟ್ 2600ಓ 7600ಓ ತಿಳಿಯಲಿಲ್ಲ. ಫೋನ್ ಮಾಡಿದೆ. ಅಕ್ಕನೇ ಕಾಗದ ಹಿಡಿದು ಓದಿದರು: "ಎರಡು, ಆರು, ಸೊನ್ನೆ, ಸೊನ್ನೆ." ಅದರ ಕೆಳಗೆ ಎರಡನೇ ಸಾಲು? "ಮೂವತ್ತೆಂಟು." ಅದು ನ್ಯೂಟ್ರೋಫಿಲ್ ಸಾಲು. 2600ರಲ್ಲಿ ನೂರಕ್ಕೆ 38 ಅಂದರೆ 988. ನಮ್ಮ ವೈದ್ಯರು 1500ಕ್ಕಿಂತ ಕೆಳಗಿದ್ದರೆ ಕೀಮೋ ಕೊಡುವುದಿಲ್ಲ. ನಾಳೆ ಬರಬೇಡಿ ಅಕ್ಕ, ಮುಂದಿನ ವಾರ ಎಂದೆ. ಅವತ್ತು ಅವರ ದನಿಯಲ್ಲಿದ್ದ ನಿರಾಳ ನನಗೆ ಇನ್ನೂ ನೆನಪಿದೆ.

ಲ್ಯಾಬುಗಳು ಒಂದೊಂದು ಒಂದೊಂದು ರೀತಿ ಬರೆಯುತ್ತವೆ. ಒಬ್ಬರು 2600 ಎಂದರೆ ಇನ್ನೊಬ್ಬರು 2.6 ಎನ್ನುತ್ತಾರೆ. ಫೋಟೋ ನೋಡಿ ಕೀಮೋ ತೀರ್ಮಾನಿಸುವವರು ಕೆಳಗಿನ ಅಳತೆಯ ಸಾಲನ್ನೂ ತಾರೀಖನ್ನೂ ಓದಲೇಬೇಕು. ಒಮ್ಮೆ ಸೊಸೆ ಗಡಿಬಿಡಿಯಲ್ಲಿ ಹಿಂದಿನ ವಾರದ ರಿಪೋರ್ಟನ್ನೇ ಕಳಿಸಿದ್ದಳು.

ಈ ಕೀಮೋ ನರಗಳಿಗೆ ತೊಂದರೆ ಕೊಡುತ್ತದೆ. ಜೋಮು ಹಿಡಿಯುತ್ತಾ ಎಂದು ಕೇಳಿದರೆ ಸ್ವಲ್ಪ ಎನ್ನುತ್ತಿದ್ದರು. ಸ್ವಲ್ಪ ಅಂದರೆ ಎಷ್ಟು? ಎಂಟನೇ ವಾರ ಬೇರೆ ತರಹ ಕೇಳಿದೆ. ಅಕ್ಕ, ಹಾಲು ಕರೆಯೋವಾಗ ಬೆರಳಿಗೆ ಹಿಡಿತ ಸಿಗ್ತದಾ? ಸ್ವಲ್ಪ ಹೊತ್ತು ಮಾತಿಲ್ಲ. "ಇಲ್ಲ ಕಣವ್ವ. ಹೋದ ವಾರದಿಂದ ಸೊಸೆನೇ ಕರೀತಾವ್ಳೆ. ಚಪ್ಪಲಿ ಕಾಲಿಂದ ಜಾರಿದ್ರೂ ತಿಳಿಯಕಿಲ್ಲ." ಅದನ್ನು ಹಾಗೇ ಬರೆದು ವೈದ್ಯರಿಗೆ ಕೊಟ್ಟೆ. ಮುಂದಿನ ಸಲ ಕರೆಸಿ ಪರೀಕ್ಷೆ ಮಾಡಿ, ಡೋಸ್ ಕಡಿಮೆ ಮಾಡಿದರು. ಹಾಗೇ ಬಿಟ್ಟಿದ್ದರೆ ಆ ಬೆರಳುಗಳು ಪೂರ್ತಿ ಸುಧಾರಿಸದೇ ಉಳಿಯಬಹುದಿತ್ತು.

ರೇಡಿಯೇಷನ್‌ಗೆ ಫೋನಿನಿಂದ ಯಾವ ಉಪಯೋಗವೂ ಇಲ್ಲ. ವಾರಕ್ಕೆ ಐದು ದಿನದಂತೆ ಮೂರು ವಾರ, ಮೆಷಿನ್ ಕೆಳಗೆ ಮೈ ಒಡ್ಡಲೇಬೇಕು. ಅಕ್ಕ ಮೈಸೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದರು. ಆ ಮೂರು ವಾರ ಹಸುಗಳದೇ ಚಿಂತೆ. ಒಂದನ್ನು ಮಾರಿದರು.

ಈಗ ಅವರು ದಿನಕ್ಕೊಂದು ಲೆಟ್ರೋಜೋಲ್ ಎಂಬ ಹಾರ್ಮೋನ್ ಚಿಕಿತ್ಸೆಯ ಮಾತ್ರೆಯ ಮೇಲಿದ್ದಾರೆ, ಐದು ವರ್ಷ ನುಂಗಬೇಕು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಿಕೊಳ್ಳುತ್ತಾರೆ. ತಿಂಗಳಿಗೊಮ್ಮೆ ಎಂಟು ಕಾಲಕ್ಕೆ ನಾನು ಫೋನ್ ಮಾಡುತ್ತೇನೆ. ಎದೆಯ ಆಪರೇಷನ್ ಆದ ಮೇಲೆ ಆ ಕಡೆಯ ಕೈ ಊದಿಕೊಳ್ಳಬಹುದು. ಎಡಗೈ ಊತ ಬರುತ್ತಿದೆಯೇ ಎಂದು ತಿಳಿಯಲು ಬಟ್ಟೆ ಹೊಲಿಯುವ ಟೇಪು ಕೊಟ್ಟಿದ್ದೇನೆ. ಮೊಣಕೈಯಿಂದ ನಾಲ್ಕು ಬೆರಳು ಮೇಲೆ ಸುತ್ತಿ ಸೆಂಟಿಮೀಟರ್ ಓದಿ ಹೇಳುತ್ತಾರೆ. ಹೋದ ತಿಂಗಳು 27 ಪಾಯಿಂಟ್ 5 ಇತ್ತು. ಈ ತಿಂಗಳು 28 ಪಾಯಿಂಟ್ 3. ಸೋಮವಾರ ಬರಲು ಹೇಳಿದ್ದೇನೆ.